ದೊಡ್ಡಪ್ಪನ ಗುದ್ದಲಿ

ನಮ್ಮ ದೊಡ್ಡಪ್ಪ ಇಲ್ಲದೇ ಹೋಗಿದ್ದರೆ ಉತ್ತರ ಬೆಂಗಳೂರು ಇಷ್ಟು ಅಭಿವೃದ್ಧಿಯಾಗುತ್ತಲೇ ಇರಲಿಲ್ಲ. ನಗಬೇಡಿ. ಕೊಡಿಗೇಹಳ್ಳಿಯಿಂದ ಸಹಕಾರನಗರದವರೆಗೆ ಯಾವ ಚರಂಡಿ, ಯಾವ ಪಾರ್ಕು, ಯಾವ ಬಸ್ ತಂಗುದಾಣವನ್ನು ಬೇಕಾದರೂ ತೋರಿಸಿ, ಅದರ ಮೊದಲ ಏಟು ಬಿದ್ದದ್ದು ನಮ್ಮ ದೊಡ್ಡಪ್ಪನ ಗುದ್ದಲಿಯಿಂದ. ಏಟು ಹಾಕಿದವರು ಶಾಸಕರೋ ಮಂತ್ರಿಗಳೋ ಇರಬಹುದು, ಪೇಪರಿನಲ್ಲಿ ಅವರ ಫೋಟೋ ಬಂದಿರಬಹುದು. ಗುದ್ದಲಿ ಮಾತ್ರ ನಮ್ಮದು.

ನಮ್ಮದು ಊರಿನ ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆಯಿತು, ಎತ್ತು ಹೋಯಿತು, ನೇಗಿಲು ಹೋಯಿತು, ಹೇಗೋ ಈ ಗುದ್ದಲಿ ಒಂದು ಉಳಿಯಿತು. ಒಮ್ಮೆ ನಮ್ಮ ಬೀದಿಯ ಚರಂಡಿಗೆ ಗುದ್ದಲಿ ಪೂಜೆ ಇಟ್ಟುಕೊಂಡಿದ್ದರು. ಶಾಮಿಯಾನ ಬಂದಿತ್ತು, ಮೈಕು ಬಂದಿತ್ತು, ಹಾರ ತುರಾಯಿ ಬಂದಿತ್ತು. ಗುದ್ದಲಿಯೇ ಇರಲಿಲ್ಲ. ಬೆಂಗಳೂರಿನಲ್ಲಿ ಈಗ ಯಾರ ಮನೆಯಲ್ಲಿ ಗುದ್ದಲಿ ಇರುತ್ತದೆ ಹೇಳಿ? ಕಂಟ್ರಾಕ್ಟರು ಪಕ್ಕದಲ್ಲಿ ನಿಂತಿದ್ದ ಜೆಸಿಬಿ ತೋರಿಸಿ, "ಇದಕ್ಕೇ ಒಂದು ಹಾರ ಹಾಕ್ಬಿಡೋಣ ಸಾರ್" ಎಂದರಂತೆ. ದೊಡ್ಡಪ್ಪ ಮುಂದೆ ಬಂದು, "ಕಾರ್ಡ್‌ನಾಗೆ ಜೆಸಿಬಿ ಪೂಜೆ ಅಂತ ಆಕ್ಸಿದೀರಾ, ಗುದ್ದಲಿ ಪೂಜೆ ಅಂತ ಆಕ್ಸಿದೀರಾ?" ಎಂದು ಕೇಳಿ, ಮನೆಗೆ ಹೋಗಿ ಗುದ್ದಲಿ ತಂದರು. ಅವತ್ತಿನಿಂದ ಈ ಸೇವೆ ಶುರುವಾಯಿತು.

ಗುದ್ದಲಿ ಕೊಟ್ಟು ಸುಮ್ಮನಿರುವ ಜೀವ ಅದಲ್ಲ. ಹಿಡಿಯುವುದು ಹೇಗೆಂದು ಪಾಠವೂ ಆಗಬೇಕು. "ಎಡಗೈ ಮುಂದೆ, ಬಲಗೈ ಇಂದೆ. ಬ್ಯಾಟ್ ಇಡ್ದಂಗಲ್ಲ ಸಾರ್" ಎಂದು ಎಂಥೆಂಥವರಿಗೂ ಹೇಳಿಕೊಟ್ಟಿದ್ದಾರೆ. ಪೂಜೆಯಾದ ಮೇಲೆ ಆ ಕಾಮಗಾರಿ ದೊಡ್ಡಪ್ಪನದೇ. ದಿನಾ ಬೆಳಿಗ್ಗೆ ಹೋಗಿ "ನನ್ನ ಚರಂಡಿ" ಎಲ್ಲಿಗೆ ಬಂತು, "ನನ್ನ ಪಾರ್ಕಿಗೆ" ಗೇಟು ಹಾಕಿದರೋ ಇಲ್ಲವೋ ಎಂದು ನೋಡಿ ಬರುತ್ತಾರೆ. ನನ್ನ ಮದುವೆಯ ದಿನ ಧಾರೆಯ ಹೊತ್ತಿಗೆ ಮನುಷ್ಯ ನಾಪತ್ತೆ! ಚರಂಡಿಗೆ ಚಪ್ಪಡಿ ಹಾಕುತ್ತಿದ್ದರಂತೆ. ಇಷ್ಟೆಲ್ಲ ಮಾಡಿದರೂ ಒಂದು ಕೊರಗು ಉಳಿದಿದೆ: ಹೆಬ್ಬಾಳದ ಫ್ಲೈಓವರ್ ಕಟ್ಟುವಾಗ ತಮ್ಮನ್ನು ಕರೆಯಲಿಲ್ಲ ಎಂದು. ಅಲ್ಲಿ ಟ್ರಾಫಿಕ್ ನಿಂತಾಗಲೆಲ್ಲ ಕಾರಿನ ಹಿಂದಿನ ಸೀಟಿನಿಂದ, "ಯಾರ್ ಗುದ್ದಲಿ ತಂದಿದ್ರೋ ಏನೋ" ಎಂದು ಗೊಣಗುತ್ತಾರೆ.

ಗುದ್ದಲಿಗೆ ಅರಿಶಿನ ಕುಂಕುಮ ದೊಡ್ಡಪ್ಪನದು, ಹೂವು ಅತ್ತೆಯದು. ಅತ್ತೆ ಎಂದರೆ ದೊಡ್ಡಪ್ಪನ ಒಬ್ಬಳೇ ತಂಗಿ, ನನ್ನ ಅಪ್ಪನಿಗೆ ಅಕ್ಕ. ಮಾವ ತೀರಿಕೊಂಡ ಮೇಲೆ ಮುಖ್ಯರಸ್ತೆಯ ಹೊಂಗೆಮರದ ಕೆಳಗೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂತವರು, ಅದರಲ್ಲೇ ಇಬ್ಬರು ಮಕ್ಕಳನ್ನು ಓದಿಸಿದರು. ಮೊಳ ಹಾಕುವುದರಲ್ಲಿ ಬಲು ಬಿಗಿ. ಸ್ವಂತ ತಮ್ಮನ ಮಗಳಾದ ನನಗೂ ಒಂದು ಎಸಳು ಹೆಚ್ಚು ಬಿಡುವುದಿಲ್ಲ. ಗುದ್ದಲಿಗೆ ಮಾತ್ರ ಒಂದೂವರೆ ಮೊಳ, ಅದೂ ತಮ್ಮ ಕೈಯಿಂದಲೇ ಕಟ್ಟಬೇಕು. "ನನ್ ತಲೆಗೆ ಒಂದ್ ಮೊಳ, ಆ ಕಬ್ಬಿಣಕ್ಕೆ ಒಂದೂವರೆ" ಎಂದು ದೊಡ್ಡಮ್ಮ ಎಷ್ಟೋ ಸಲ ಗೊಣಗಿದ್ದಾರೆ.

ಹೀಗಿರುವಾಗ ಪಾಲಿಕೆಯಿಂದ ಇನ್ನೊಂದು ಕಾರ್ಡು ಬಂತು. ದೊಡ್ಡಪ್ಪ ಕಾರ್ಡಿನಲ್ಲಿ ನೋಡುವುದು ಎರಡೇ: ದಿನ, ಹೊತ್ತು. ಯಾವ ಕೆಲಸ ಎಂದು ಓದುವ ಅಭ್ಯಾಸವೇ ಇಲ್ಲ. ಒಳ್ಳೇ ಕೆಲಸಕ್ಕಲ್ಲದೆ ಗುದ್ದಲಿ ಪೂಜೆ ಮಾಡುತ್ತಾರೆಯೇ ಎನ್ನುವುದು ಅವರ ವಾದ. ಅತ್ತೆ ಎಂದಿನಂತೆ ಸೇವಂತಿಗೆ ಕಟ್ಟಿಕೊಟ್ಟರು. ಶಾಸಕರು ಮೂರು ಏಟು ಹಾಕಿದರು. ಎಲ್ಲರೂ ಮೈಸೂರುಪಾಕು ತಿಂದು ಮನೆಗೆ ಬಂದೆವು. ಕಾಮಗಾರಿ ಯಾವುದು ಗೊತ್ತೇ? ಮುಖ್ಯರಸ್ತೆಯ ಅಗಲೀಕರಣ ಮತ್ತು ಪಾದಚಾರಿ ಮಾರ್ಗ. ಆ ಮಾರ್ಗ ಹೋಗುವುದು ಸರಿಯಾಗಿ ಹೊಂಗೆಮರದ ಕೆಳಗೆ, ಅತ್ತೆಯ ಬುಟ್ಟಿಯ ಮೇಲೆ. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಎನ್ನುತ್ತಾರಲ್ಲ, ನಮ್ಮ ದೊಡ್ಡಪ್ಪ ತೋಡಿದ ಗುಂಡಿಗೆ ತಂಗಿ ಬಿದ್ದರು.

ಪಾಲಿಕೆಯವರೇನೂ ಒರಟಾಗಿ ನಡೆದುಕೊಳ್ಳಲಿಲ್ಲ. "ಅಮ್ಮ, ಒಂದ್ ವಾರ ಟೈಮ್ ತಗೊಳ್ಳಿ. ಮುಂದೆ ಮಾರ್ಕೆಟ್ ಕಟ್ಟೋ ಯೋಜನೆ ಇದೆ" ಎಂದು ಹೇಳಿ ಹೋದರು. ಅತ್ತೆ ಅವರನ್ನು ಒಂದು ಮಾತೂ ಅನ್ನಲಿಲ್ಲ. ಮರದ ಪಕ್ಕ ನಿಂತಿದ್ದ ಅಣ್ಣನನ್ನು ನೋಡಿ, "ಆ ಗುದ್ದಲಿಗೆ ಊವ ಕಟ್ಟಿದ್ದು ನಾನೇ ಅಲ್ವಾ?" ಎಂದರು. ಅದೇ ಕೊನೆ. ಆಮೇಲೆ ಅಣ್ಣನ ಜೊತೆ ಮಾತಿಲ್ಲ. ಬುಟ್ಟಿ ಸೊಂಟಕ್ಕೇರಿಸಿಕೊಂಡು ಸಹಕಾರನಗರದ ಮನೆಮನೆಗೆ ಹೂವು ಕೊಡಲು ಶುರು ಮಾಡಿದರು. ಮೊದಲೇ ಮಂಡಿನೋವು. ಒಂದೊಂದು ಗೇಟಿನ ಮುಂದೂ ನಿಂತು ಸುಧಾರಿಸಿಕೊಳ್ಳುತ್ತಿದ್ದರು. ನನ್ನ ಮನೆಯ ಮುಂದೆ ಹಾಗೆ ನಿಂತಾಗ ಒಳಗೆ ಬನ್ನಿ ಎಂದರೆ, "ಇನ್ನೂ ಇಪ್ಪತ್ತ್ ಮನೆ ಐತೆ ಮಗಾ" ಎನ್ನುತ್ತಿದ್ದರು.

ದೊಡ್ಡಪ್ಪ ಏನು ಮಾಡಿದರು? ಮುಷ್ಕರ ಹೂಡಿದರು. ತಂಗಿ ಕೂರುವುದಕ್ಕೆ ಜಾಗ ಆಗುವವರೆಗೆ ಯಾರಿಗೂ ಗುದ್ದಲಿ ಇಲ್ಲ! ಉತ್ತರ ಬೆಂಗಳೂರಿನ ಅಭಿವೃದ್ಧಿ ನಿಂತೇ ಹೋಗುತ್ತದೆ ಎಂದು ಅವರು ನಂಬಿದ್ದರು. ಪಾಲಿಕೆಯವರು ಹಾರ್ಡ್‌ವೇರ್ ಅಂಗಡಿಯಿಂದ ಹೊಸ ಗುದ್ದಲಿ ತಂದು ಪೂಜೆ ಮಾಡಿಕೊಂಡರು. ಒಂದು ಪೂಜೆಯಲ್ಲಿ ಅದರ ಮರದ ಕಾವು ಕಳಚಿ ಕೈಗೆ ಬಂತಂತೆ. ಆ ಸುದ್ದಿ ಕೇಳಿದ ದಿನ ದೊಡ್ಡಪ್ಪ ಎರಡು ಮುದ್ದೆ ಹೆಚ್ಚಿಗೆ ಉಂಡರು.

ಮುಷ್ಕರಕ್ಕೆ ಬೆಲೆ ಸಿಗಲಿಲ್ಲವೆಂದು ವಾರ್ಡ್ ಸಭೆಗೆ ಹೋಗತೊಡಗಿದರು. ಜೊತೆಗೆ ನಾನು, ಏಕೆಂದರೆ ಅರ್ಜಿ ಬರೆಯಲು ಒಬ್ಬರು ಬೇಕಲ್ಲ. ಒಂದು ಸಭೆಯಲ್ಲಿ ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದರು: ಈ ಭಾಗದ ಆರ್ಥಿಕ ಬೆಳವಣಿಗೆ, ಗಾಜಿನ ಕಟ್ಟಡಗಳು, ಅಗಲವಾದ ರಸ್ತೆ, ಮರದ ನೆರಳಲ್ಲಿ ಓಡಾಡುವ ಜನ. ನೋಡಲು ಚೆನ್ನಾಗಿಯೇ ಇತ್ತು. ದೊಡ್ಡಪ್ಪ ಎದ್ದು ಹೋಗಿ ಗೋಡೆಯ ಹತ್ತಿರ ನಿಂತು, ಕನ್ನಡಕ ಏರಿಸಿ ಇಳಿಸಿ ಬಹಳ ಹೊತ್ತು ಹುಡುಕಿದರು.

"ಏನ್ ನೋಡ್ತಿದೀರಾ ಯಜಮಾನ್ರೇ?" ಎಂದು ಚಿತ್ರ ತೋರಿಸುತ್ತಿದ್ದ ಪಾಲಿಕೆಯ ಎಂಜಿನಿಯರಮ್ಮ ಕೇಳಿದರು.

"ನಮ್ ತಂಗಿ ಇದ್ರಾಗೆ ಎಲ್ಲವ್ಳೆ ಅಂತ ನೋಡ್ತಿವ್ನಿ ಕಣಮ್ಮ. ಊವ ಮಾರ್ತಾಳೆ. ಕಾಣ್ತಾನೇ ಇಲ್ಲ."

ಸಭೆಯಲ್ಲಿ ಕೆಲವರು ನಕ್ಕರು. ಎಂಜಿನಿಯರಮ್ಮ ನಗಲಿಲ್ಲ, ಪುಸ್ತಕ ತೆಗೆದು ಬರೆದುಕೊಂಡರು. ಹಾಗೆ ಬರೆದುಕೊಂಡದ್ದು ಎಷ್ಟು ಕಂಡಿದ್ದೇವೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆದರೆ ಆ ಹೆಣ್ಣುಮಗಳು ಬರೆದುಕೊಂಡದ್ದನ್ನು ಮರೆಯುವವರಾಗಿರಲಿಲ್ಲ. ಬೀದಿ ವ್ಯಾಪಾರಿಗಳ ಪಟ್ಟಿ ಮಾಡಿಸಿದರು, ಗುರುತಿನ ಚೀಟಿ ಕೊಡಿಸಿದರು, ಹಳೇ ನೀರಿನ ಟ್ಯಾಂಕಿನ ಪಕ್ಕದ ಖಾಲಿ ಜಾಗವನ್ನು ಮಾರುಕಟ್ಟೆಗೆಂದು ಗೊತ್ತು ಮಾಡಿದರು. ಒಂದು ದಿನ ತಾವೇ ಮನೆಗೆ ಬಂದು, "ಯಜಮಾನ್ರೇ, ಈ ಪೂಜೆಗಾದ್ರೂ ಗುದ್ದಲಿ ಕೊಡ್ತೀರಾ?" ಎಂದು ಕೇಳಿದರು.

ಕೊಟ್ಟರು, ಆದರೆ ಒಂದು ಷರತ್ತಿನ ಮೇಲೆ. ಮಾರುಕಟ್ಟೆ ಮುಗಿಯುವವರೆಗೆ ಗುದ್ದಲಿ ಅಲ್ಲೇ ಮಣ್ಣಿನಲ್ಲಿ ನಿಂತಿರಬೇಕು. ಕಣ್ಣೆದುರು ಗುದ್ದಲಿ ಇದ್ದರೆ ಕೆಲಸ ನಿಲ್ಲಿಸಲು ಯಾರಿಗೂ ಮನಸ್ಸು ಬರುವುದಿಲ್ಲವಂತೆ. ಪೂಜೆಯ ದಿನ ಕುಂಕುಮ ಇತ್ತು, ಹೂವು ಇರಲಿಲ್ಲ. ಯಾರೋ ಹಾರ ತಂದರೆ ದೊಡ್ಡಪ್ಪ ಮುಟ್ಟಗೊಡಲಿಲ್ಲ. ಆಮೇಲೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ ನೋಡುವುದೇ ಕೆಲಸವಾಯಿತು. ಮಳೆ ಬಂದರೆ ಕಾವಿಗೆ ಪ್ಲಾಸ್ಟಿಕ್ ಕವರ್ ಕಟ್ಟುತ್ತಿದ್ದರು. "ನೀರ್ ಆಕಿ ಯಜಮಾನ್ರೇ, ಚಿಗುರ್ತೈತೆ" ಎಂದು ಗಾರೆಯವರು ಚೇಷ್ಟೆ ಮಾಡುತ್ತಿದ್ದರು. ಕೆಲಸ ಮಧ್ಯೆ ಮೂರು ತಿಂಗಳು ನಿಂತಿತು. ಆ ಮೂರು ತಿಂಗಳೂ ಅವರು ಗುದ್ದಲಿಯ ಪಕ್ಕ ಇಟ್ಟಿಗೆಯ ಮೇಲೆ ಕೂತು ಬರುತ್ತಿದ್ದರು. ದಾರಿಯಲ್ಲಿ ಬುಟ್ಟಿ ಹೊತ್ತ ತಂಗಿ ಎದುರಾದರೆ ಇಬ್ಬರೂ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಅಂತೂ ಮಾರುಕಟ್ಟೆ ಎದ್ದಿತು. ತಗಡಿನ ಸೂರು, ಸಿಮೆಂಟಿನ ಕಟ್ಟೆಗಳು, ಒಂದು ನಲ್ಲಿ, ಹೆಂಗಸರಿಗೆ ಶೌಚಾಲಯ. ಬಾಗಿಲ ಪಕ್ಕದ ಮೊದಲ ಕಟ್ಟೆ ಅತ್ತೆಗೆ ಬಂತು. ಉದ್ಘಾಟನೆಯ ದಿನ ರಿಬ್ಬನ್ನು, ಕತ್ತರಿ, ಭಾಷಣ ಎಲ್ಲ ಆಯಿತು. ಕತ್ತರಿಯ ಮುಂದೆ ಗುದ್ದಲಿಯನ್ನು ಕೇಳುವವರು ಯಾರು? ದೊಡ್ಡಪ್ಪ ಮೂಲೆಯಲ್ಲಿ ನಿಂತಿದ್ದ ಗುದ್ದಲಿಯನ್ನು ಕಿತ್ತು, ಪಂಚೆಯ ತುದಿಯಿಂದ ಮಣ್ಣು ಒರೆಸಿ, ಹೆಗಲಿಗೇರಿಸಿಕೊಂಡು ಯಾರಿಗೂ ಹೇಳದೆ ಹೊರಟರು.

ಬಾಗಿಲ ಹತ್ತಿರ ಬಂದಾಗ, "ಅಣ್ಣಾ" ಎಂದು ಕೂಗಿದ್ದು ಕೇಳಿಸಿತು. ಎರಡು ವರ್ಷದ ಮೇಲೆ ಬಂದ ಮಾತು. ದೊಡ್ಡಪ್ಪ ಅಲ್ಲೇ ನಿಂತರು.

ಅತ್ತೆಯ ಕಟ್ಟೆಯ ಮುಂದೆ ಆಗಲೇ ನಾಲ್ಕೈದು ಜನ ಹೂವಿಗೆ ನಿಂತಿದ್ದರು. ಇನ್ನೂ ಬೋಣಿಯಾಗಿರಲಿಲ್ಲ. "ಸ್ವಲ್ಪ ತಡೀರಮ್ಮ" ಎಂದು ಅವರಿಗೆ ಹೇಳಿ, ಅತ್ತೆ ಸೇವಂತಿಗೆ ದಂಡೆ ತೆಗೆದರು. ಮೊಳಕೈಯಿಂದ ಬೆರಳಿನ ತುದಿಗೆ ಒಂದು ಮೊಳ. ಅದರ ಮೇಲೆ ಅರ್ಧ.

"ಅದನ್ನ ಇತ್ಲಾಗೆ ಇಡ್ಕೊ. ಬರೀ ಕತ್ನಾಗೆ ಎಷ್ಟ್ ದಿನ ಇರ್ತೈತೆ ಅದು," ಎಂದರು. "ಇನ್ಮ್ಯಾಕೆ ಕಾರ್ಡು ಪೂರ್ತಿ ಓದ್ಕೊಂಡ್ ಓಗು."

"ಆಗ್ಲಿ ಅಮ್ಮಣ್ಣಿ" ಎಂದರು ದೊಡ್ಡಪ್ಪ. ಗುದ್ದಲಿಯನ್ನು ಮುಂದೆ ಹಿಡಿದರು, ಆದರೆ ಹಿಡಿಯಲು ಆಗುತ್ತಿಲ್ಲ. ಬಲಗೈ ಮುಂದೆ ಬಂದಿದೆ, ಕಾವು ಜಾರುತ್ತಿದೆ. ನಾನು ನೆರವಿಗೆ ಹೋಗಬೇಕೆಂದರೆ ನನ್ನ ಕಣ್ಣೇ ಮಂಜಾಗಿತ್ತು.

ಅತ್ತೆ ಕಟ್ಟೆಯಿಂದ ಬಗ್ಗಿ ಅಣ್ಣನ ಕೈ ಹಿಡಿದು ಕಾವಿನ ಮೇಲೆ ಸರಿಯಾಗಿ ಇಟ್ಟರು.

"ಎಡಗೈ ಮುಂದೆ ಅಣ್ಣ," ಎಂದರು.