ಧರ್ಮಣ್ಣ ಮೀಸೆ ತೆಗೆದ ದಿನ

ಬೆಳಿಗ್ಗೆ ಏಳು ಗಂಟೆಗೆ ಧರ್ಮಣ್ಣ ತನ್ನ ಮೀಸೆಯನ್ನು ತೆಗೆದ. ಆ ದಿನದ ಅನಾಹುತಗಳಿಗೆಲ್ಲ ಅದೇ ನಾಂದಿಯಾಯಿತು.

ಅದು ಅಂತಿಂಥ ಮೀಸೆಯಲ್ಲ. ಒಂದು ಕಾಲದಲ್ಲಿ ತೆರೆಯ ಮೇಲೆ ಮೊದಲು ಮೀಸೆ ಬರುತ್ತಿತ್ತು, ಅದರ ಹಿಂದೆ ಧರ್ಮಣ್ಣ ಬರುತ್ತಿದ್ದ. ಗಾಂಧಿ ಕ್ಲಾಸಿನವರ ಶಿಳ್ಳೆಗೆ ಟಾಕೀಸಿನ ತಗಡು ಅದುರುತ್ತಿತ್ತು. ಮೂರು ಚಿತ್ರಗಳಿಗೆ ಆತ ನಾಯಕ. ನಾಲ್ಕನೆಯದರಲ್ಲಿ ಸಂತನ ಪಾತ್ರವಿತ್ತು, ಮೀಸೆ ತೆಗೆಯಬೇಕೆಂದರು. ತಲೆ ಬೇಕಾದರೆ ಕೊಟ್ಟೇನು, ಮೀಸೆ ಕೊಡಲಾರೆ ಎಂದು ಧರ್ಮಣ್ಣ ಎದ್ದು ಬಂದ. ಪಾತ್ರ ಸೋಮನಾಥನೆಂಬ ಹೊಸಬನ ಪಾಲಾಯಿತು. ಚಿತ್ರ ಇಪ್ಪತ್ತೈದು ವಾರ ಓಡಿತು. ಹೆಂಗಸರು ಟಾಕೀಸಿನ ಬಾಗಿಲಲ್ಲಿ ತೆಂಗಿನಕಾಯಿ ಒಡೆದರು. ಸೋಮನಾಥನ ಕಾಲಿಗೆ ಜನ ಇಂದಿಗೂ ಬೀಳುತ್ತಾರೆ.

ಆಮೇಲೆ ಅಣ್ಣನ ಪಾತ್ರ ಬಂದಾಗ ನಾನು ನಾಯಕನೆಂದು ಬೇಡವೆಂದ. ತಂದೆಯ ಪಾತ್ರ ಬಂದಾಗ ನನ್ನದಿನ್ನೂ ಅಣ್ಣನ ವಯಸ್ಸೆಂದು ಬೇಡವೆಂದ. ಅಜ್ಜನಾಗಲು ಮನಸ್ಸು ಮಾಡುವ ಹೊತ್ತಿಗೆ ಕೇಳುವವರೇ ಇರಲಿಲ್ಲ. ಮುಂಬಯಿಗೆ ಬಂದು ಭಾವನ ಹೋಟೆಲಿನಲ್ಲಿ ಗಿರಾಕಿಗಳಿಗೆ ಕುರ್ಚಿ ತೋರಿಸುತ್ತ ಇಪ್ಪತ್ತು ವರ್ಷ ನಿಂತ. ಈಗ ಹೋಟೆಲೂ ಇಲ್ಲ, ಭಾವನೂ ಇಲ್ಲ, ಮಡದಿಯೂ ಇಲ್ಲ. ವಡಾಲದ ಹಳೆಯ ಬಿಲ್ಡಿಂಗಿನ ಒಂದು ಕೋಣೆ, ಎಪ್ಪತ್ತು ವರ್ಷ, ಮತ್ತು ಮೀಸೆ: ಇಷ್ಟೇ ಆಸ್ತಿ.

ಹೋದ ವಾರ ಪ್ರೀತಮ್ ಎಂಬ ಯುವ ನಿರ್ದೇಶಕನ ಫೋನು ಬಂದಿತ್ತು. ಮುಂಬಯಿಯ ಹೋಟೆಲು ಕುಟುಂಬವೊಂದರ ಕತೆ, ಕನ್ನಡದಲ್ಲಿ ವೆಬ್ ಸರಣಿ, ಪವಾಯಿಯ ಬಂಗಲೆಯಲ್ಲಿ ಚಿತ್ರೀಕರಣ. ಅಜ್ಜನ ಪಾತ್ರ. ಮಾತು ಕಡಿಮೆ, ಮುಖ ಮುಖ್ಯ, ಮೂರು ಕಂತುಗಳ ತನಕ ಇಡೀ ಮನೆ ಅವನ ಸುತ್ತಲೇ ತಿರುಗುತ್ತದೆ. ಕ್ಲೀನ್ ಶೇವ್ ಇರಲಿ, ಹನ್ನೊಂದಕ್ಕೆ ಸರಿಯಾಗಿ ಬನ್ನಿ.

ಈ ಸಲ ಧರ್ಮಣ್ಣ ಎರಡು ಮಾತಾಡಲಿಲ್ಲ. ಬಿಲ್ಡಿಂಗಿನಲ್ಲಿ ಯಾರಿಗೂ ಬಾಯಿ ಬಿಡಲೂ ಇಲ್ಲ. ಹಿಂದೆ ನಾಲ್ಕು ಸಲ ಪಾತ್ರ ಸಿಕ್ಕೀತೆಂದು ಎಲ್ಲರಿಗೂ ಸಾರಿ, ನಾಲ್ಕು ಸಲವೂ ಅದು ಜಾರಿತ್ತು. ಯಾರೂ ಅಡ್ಡ ಬಾಯಿ ಹಾಕದಿರಲೆಂದು ಹೊರಡುವ ಮುನ್ನ ಫೋನನ್ನೂ ಆರಿಸಿಟ್ಟ.

ಮೆಟ್ಟಿಲಲ್ಲಿ ಖಂಡಪ್ಪ ಎದುರಾದ. ಕಲಬುರ್ಗಿ ಕಡೆಯವನು, ಬಿಲ್ಡಿಂಗಿನ ಸೆಕ್ರೆಟರಿ, ಪರರ ಕಷ್ಟಕ್ಕೆ ಕರೆಯದೆ ಬರುವ ಜೀವ. ಅವನು ಧರ್ಮಣ್ಣನ ಬರಿದಾದ ತುಟಿಯನ್ನು ನೋಡಿದ. ತಲೆಯನ್ನು ನೋಡಿದ, ಅಲ್ಲಿ ಬೋಳಿಸಲು ಹತ್ತು ವರ್ಷಗಳಿಂದ ಏನೂ ಉಳಿದಿರಲಿಲ್ಲ. ಊರಿನಲ್ಲಿ ಧರ್ಮಣ್ಣನ ತೊಂಬತ್ತು ದಾಟಿದ ತಾಯಿ ಮಗಳ ಮನೆಯಲ್ಲಿರುವುದು ಅವನಿಗೆ ಗೊತ್ತಿತ್ತು. ಇಂಥ ಹೊತ್ತಿನಲ್ಲಿ ಏನು, ಎತ್ತ ಎಂದು ಕೇಳಬಾರದು. ದೊಡ್ಡವರು ಹಾಗೆ ಕಲಿಸಿದ್ದರು. ಗೋಡೆಗೆ ಸರಿದು ದಾರಿ ಬಿಟ್ಟು, ಕೈ ಹಿಡಿದು, “ಧೈರ್ಯ ತಗೋರಿ ಧರ್ಮಣ್ಣಾವರ. ನಾವೆಲ್ಲಾ ಅದೀವಿ” ಎಂದಷ್ಟೇ ಹೇಳಿದ.

ಪಾತ್ರದ ಗುಟ್ಟು ಇವನಿಗೆ ಹೇಗೆ ತಿಳಿಯಿತೆಂದು ಧರ್ಮಣ್ಣನಿಗೆ ಬೆರಗಾಯಿತು. ಆದರೂ ಕಣ್ಣು ತೇವಗೊಂಡಿತು. ಅದನ್ನು ಕಂಡ ಖಂಡಪ್ಪನ ಅನುಮಾನ ಪೂರ್ತಿ ಪರಿಹಾರವಾಯಿತು.

ಧರ್ಮಣ್ಣ ಲೋಕಲ್ ಹಿಡಿಯುವಷ್ಟರಲ್ಲಿ ಖಂಡಪ್ಪ ಬಿಲ್ಡಿಂಗಿನ ಗ್ರೂಪಿಗೆ ಸುದ್ದಿ ಹಾಕಿಯಾಗಿತ್ತು. ಧರ್ಮಣ್ಣನ ತಾಯಿಯ ಫೋಟೋ ಅವನಲ್ಲಿ ಎಲ್ಲಿಂದ ಬರಬೇಕು? ಧರ್ಮಣ್ಣನೇ ಎಲ್ಲರಿಗೂ ಹಂಚಿದ್ದ ಹಳೆಯ ಸಿನಿಮಾ ಫೋಟೋ ಇತ್ತು. ಅದನ್ನೇ ಹಾಕಿ, ಕೆಳಗೆ ಇವರ ತಾಯಿ ತೀರಿಕೊಂಡರೆಂದು ಬರೆದು, ಜೋಡಿಸಿದ ಕೈಗಳ ಚಿತ್ರ ಸೇರಿಸಿದ. ಫೋಟೋ ಕಂಡು, ಕೈ ಕಂಡು, ನಡುವಿನ ಸಾಲು ಓದುವ ಪುರುಸೊತ್ತು ಈ ಊರಿನಲ್ಲಿ ಯಾರಿಗಿದೆ? ಬಿಲ್ಡಿಂಗಿನಿಂದ ಕನ್ನಡ ಸಂಘಕ್ಕೆ, ಸಂಘದಿಂದ ಸಿನಿಮಾದವರಿಗೆ ಮೀಸೆ ಮತ್ತು ಕೈಗಳು ಮಾತ್ರ ಹಾರಿಹೋದವು. ಸಾಲು ಹಿಂದೆ ಉಳಿಯಿತು.

ಕುರ್ಲಾದಲ್ಲಿ ರಿಕ್ಷಾ ಸಿಕ್ಕಿತು. ಆದರೆ ದಾರಿಯಲ್ಲಿ ಟ್ರಾಫಿಕ್ಕು ಅಂಟಿನ ಉಂಡೆಯಂತೆ ಗಟ್ಟಿಯಾಗಿತ್ತು. ಧರ್ಮಣ್ಣ ಕೊನೆಯ ಅರ್ಧ ಮೈಲಿ ಓಡಿದ. ಬಂಗಲೆ ತಲುಪಿದಾಗ ಹನ್ನೊಂದೂಕಾಲು.

ಒಳಗೆ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ತಡವಾದವನು ಸದ್ದು ಮಾಡಬಾರದೆಂದು ಆತನೂ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿದ. ಮೌನ ಮುಗಿದು ಕಣ್ಣೆತ್ತಿದರೆ, ಎದುರಿನ ಕುರ್ಚಿಯ ಮೇಲೆ ಚೆಂಡುಹೂವಿನ ಹಾರ ಹೊತ್ತ ಫೋಟೋದಲ್ಲಿ ಕೂತಿದೆ ಆತನದೇ ಮೀಸೆ!

ಕೂಗಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಮುಹೂರ್ತಕ್ಕೆ ಅತಿಥಿಯಾಗಿ ಬಂದಿದ್ದ ಸೋಮನಾಥ ಮಾತಿಗೆ ನಿಂತ. ತನ್ನನ್ನು ಸಂತನನ್ನಾಗಿ ಮಾಡಿದ ಪಾತ್ರ ನಿಜವಾಗಿ ಧರ್ಮಣ್ಣನದೆಂದು ಸೋಮನಾಥ ಹೇಳಿದ. ಆ ಚಿತ್ರದ ಕತೆ ಕೇಳುವಾಗ ಧರ್ಮಣ್ಣ ಹೇಗೆ ಕೂತಿದ್ದನೋ ಅದನ್ನು ಬಾಗಿಲ ಸಂದಿಯಿಂದ ನೋಡಿ, ಹಾಗೆಯೇ ಕೂತು ಹೆಸರು ಮಾಡಿದೆನೆಂದ. “ಕೃತಜ್ಞತೆ ಹೇಳಲು ನಲವತ್ತು ವರ್ಷ ಬೇಕಾಯಿತು. ಹೇಳುವ ಹೊತ್ತಿಗೆ ಕೇಳುವವನಿಲ್ಲ.”

ಕೇಳುವವನು ಕಂಬಕ್ಕೆ ಒರಗಿ ಕೇಳುತ್ತಿದ್ದ. ಬದುಕಿದ್ದಾಗ ಇಂಥ ಮಾತು ಒಂದೂ ಕಿವಿಗೆ ಬಿದ್ದಿರಲಿಲ್ಲ. ಮುಗಿಯುವ ತನಕ ಸತ್ತಿರುವುದೇ ವಾಸಿ ಎನ್ನಿಸಿತು.

ಮುಗಿದ ಮೇಲೆ ಮುಂದೆ ಬಂದು ತಾನೇ ಧರ್ಮಣ್ಣನೆಂದ. ಮೀಸೆಯಿಲ್ಲದ ಮುಖವನ್ನು ಯಾರೂ ನಂಬಲಿಲ್ಲ. ಸೋಮನಾಥ ಮಾತ್ರ ಆ ದನಿಯನ್ನು ಗುರುತಿಸಿ ಅಪ್ಪಿಕೊಂಡ. ಸಾವಿನ ಸುದ್ದಿ ಸುಳ್ಳಾದರೆ ಆಯುಷ್ಯ ಇಮ್ಮಡಿಯೆಂದು ಎಲ್ಲರೂ ಹರಸಿದರು. ಯಾರೋ ಬಾಯಿಗೆ ಪೇಡೆ ತುರುಕಿದರು.

ಪೇಡೆ ನುಂಗಿ ಧರ್ಮಣ್ಣ ಕೇಳಿದ: “ಅಜ್ಜನ ಮೇಕಪ್ ಎಲ್ಲಿ ಮಾಡುವುದು?”

ಪ್ರೀತಮ್ ನೆಲ ನೋಡಿದ. “ಸರ್, ಆಕ್ಚುಲಿ... ಅಜ್ಜ ಫಸ್ಟ್ ಸೀನಲ್ಲೇ ಆಫ್ ಆಗಿರ್ತಾರೆ. ಮೂರು ಎಪಿಸೋಡ್ ಹಾಲ್‌ನಲ್ಲಿ ಬಾಡಿ ಇರ್ತದೆ. ಫ್ಯಾಮಿಲಿ ಸುತ್ತ ಕೂತು ಝಗಡಾ ಮಾಡ್ತದೆ.”

ಅಣ್ಣನ ಪಾತ್ರ, ತಂದೆಯ ಪಾತ್ರ ಎಲ್ಲವೂ ಧರ್ಮಣ್ಣನ ಕಣ್ಣೆದುರು ಹಾದುಹೋದವು. “ಆಗಲಿ ಮಗಾ” ಎಂದ. “ಮಲಗುತ್ತೇನೆ. ಎಲ್ಲಿ ಚಾಪೆ?”

ಆದರೆ ಸೋಮನಾಥ ಅಡ್ಡ ನಿಂತ. ಸಂತನ ಪಾತ್ರ ಮಾಡಿದಂದಿನಿಂದ ಅವನಿಗೆ ಶಕುನಗಳಲ್ಲಿ ಅಪಾರ ನಂಬಿಕೆ. ಬೆಳಿಗ್ಗೆ ಹಾರ ಹಾಕಿಸಿಕೊಂಡವನನ್ನು ಮಧ್ಯಾಹ್ನ ಹೆಣವಾಗಿ ಮಲಗಿಸುವುದೇ, ಅದೂ ಮುಹೂರ್ತದ ದಿನ? “ನನ್ನ ಪ್ರಾಣ ಹೋದರೂ ಬಿಡೆ ಧರ್ಮಣ್ಣ. ನೀನು ನೂರು ವರ್ಷ ಬಾಳಬೇಕು.”

ಧರ್ಮಣ್ಣ ಬೇಡಿದ, ಗದರಿದ, ಕೊನೆಗೆ ನೆಲದ ಮೇಲೆ ಮಲಗಿ ಕಣ್ಣು ಮುಚ್ಚಿ ತೋರಿಸಿದ. ಹೆಂಗಸರು ಹೋ ಎಂದು ಎಬ್ಬಿಸಿದರು. ಅಷ್ಟರಲ್ಲಿ, ಸಾವಿನ ಸುದ್ದಿ ಬಂದಾಗಲೇ ಹೆಣದ ಪಾತ್ರಕ್ಕೆಂದು ಪ್ರೀತಮ್ ಹೇಳಿಕಳಿಸಿದ್ದ ರಬ್ಬರಿನ ಗೊಂಬೆ ಜೋಗೇಶ್ವರಿಯ ವರ್ಕ್‌ಶಾಪಿನಿಂದ ಟೆಂಪೋದಲ್ಲಿ ಬಂದಿಳಿಯಿತು. ಉಸಿರಾಡುವುದಿಲ್ಲ, ಊಟ ಕೇಳುವುದಿಲ್ಲ. ಕ್ಯಾಮೆರಾದವನಿಗೆ ನೋಡಿದೊಡನೆ ಹಿಡಿಸಿತು. ಬೆಳಿಗ್ಗೆ ಸತ್ತನೆಂದು ಹೋದ ಪಾತ್ರ ಈಗ ಬದುಕಿದ್ದಾನೆಂದು ಹೋಯಿತು.

ಪ್ರೀತಮ್ ಒಳ್ಳೆಯ ಹುಡುಗ. ಬರಿಗೈಯಲ್ಲಿ ಕಳುಹಿಸಲು ಮನಸ್ಸಾಗದೆ, ಅಂತಿಮ ದರ್ಶನಕ್ಕೆ ಬರುವ ನೆರೆಹೊರೆಯವರ ಗುಂಪಿನಲ್ಲಿ, ಕೊನೆಯ ಸಾಲಿನಲ್ಲಿ, ಒಂದು ಜಾಗ ಕೊಟ್ಟ. ದೀಪಗಳು ಹೊತ್ತಿದವು. ಆ ಬೆಳಕು ನಲವತ್ತು ವರ್ಷಗಳ ಬಳಿಕ ಧರ್ಮಣ್ಣನ ಮುಖಕ್ಕೆ ತಾಗಿತು. ಅದರ ಬಿಸಿಯ ಹಿಂದೆಯೇ ಹಳೆಯ ಶಿಳ್ಳೆಗಳೆಲ್ಲ ಕೇಳಿಸಿದವು. ಚಾಪೆಯ ಮೇಲೆ ಆರಾಮಾಗಿ ಮಲಗಿದ್ದ ಗೊಂಬೆಯನ್ನು ನೋಡಿದ. ಗ್ಲಿಸರಿನ್ನು ಬೇಕಾಗಲಿಲ್ಲ; ಬಿಕ್ಕಿಬಿಕ್ಕಿ ಅತ್ತ.

“ಕಟ್” ಎಂದ ಪ್ರೀತಮ್. “ಲಾಸ್ಟ್ ಲೈನ್ ಅಂಕಲ್, ಥೋಡಾ ಕಮ್ಮಿ ಅಳಿ, ಪ್ಲೀಸ್. ಸತ್ತಿರೋದು ಬರೀ ನಿಮ್ಮ ಪಕ್ಕದ ಮನೆಯವರು.”