ಸೋರಲೊಲ್ಲದ ಚಾವಣಿ

ಅಂದಿನ ರಗಳೆ ಶುರುವಾದದ್ದು ಇಪ್ಪತ್ತೈದು ಡಾಲರಿನ ಒಂದು ದಂಡದ ಚೀಟಿಯಿಂದ. ಹನ್ನೊಂದಕ್ಕೆ ಬರಬೇಕಿದ್ದ ಎಂಬತ್ತಾರರ ಅಲ್ವೀನಾ ಕ್ರೂಗರ್ ಹತ್ತಕ್ಕೇ ಬಂದು, ಕಾರನ್ನು ಸೀದಾ ಅಧ್ಯಕ್ಷರ ಜಾಗದಲ್ಲಿ ನಿಲ್ಲಿಸಿದ್ದರು. ಕ್ಯಾಂಪಸ್ಸಿನ ಕಾವಲುಗಾರ ಗಾಜಿಗೆ ಚೀಟಿ ಸಿಕ್ಕಿಸಿ ತನ್ನ ಕರ್ತವ್ಯ ಮುಗಿಸಿ ಹೋಗಿದ್ದ.

ಸುದ್ದಿ ತಿಳಿದು ಕೆಟಲ್ ಬೆಂಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಓರಿನ್ ಟ್ವೇಟ್ ಮಳೆಯಲ್ಲೇ ಎದ್ದುಬಿದ್ದು ಓಡಿಬಂದರು. ಬಿತ್ತನೆ ಜೋಳದಲ್ಲಿ ಗಂಡ ಗಳಿಸಿಟ್ಟ ಸಂಪತ್ತಿಗೆಲ್ಲ ಈಕೆಯೇ ಒಡತಿ. ನರ್ಸಿಂಗ್ ವಿಭಾಗಕ್ಕೊಂದು ಹೊಸ ಕಟ್ಟಡ ಕಟ್ಟಿಸಿಕೊಡಿ ಎಂದು ಎರಡು ವರ್ಷದಿಂದ ಓರಿನ್ ಆಕೆಯ ಮನೆಗೆ ಎಡತಾಕುತ್ತಿದ್ದರು. ಹಳೆಯದು ಸೋರಿ ಸೋರಿ, ತಪಾಸಣೆಯವರು "ಬರುವ ವರ್ಷವೂ ಹೀಗೇ ಇದ್ದರೆ ವಿಭಾಗ ಮುಚ್ಚಿ" ಎಂದು ಬರೆದುಹೋಗಿದ್ದರು. ಸುತ್ತಲಿನ ಐದು ಆಸ್ಪತ್ರೆಗಳ ನರ್ಸುಗಳೆಲ್ಲ ಇಲ್ಲೇ ಕಲಿತವರು.

"ಏನಪ್ಪಾ ಓರಿನ್, ದುಡ್ಡು ಕೊಡೋಕೆ ಬಂದೋಳಿಗೇ ದಂಡಾನಾ?"

"ತಪ್ಪಾಯ್ತು ಮಿಸೆಸ್ ಕ್ರೂಗರ್, ತಪ್ಪಾಯ್ತು!" ಓರಿನ್ ಚೀಟಿಯನ್ನು ಹರಿದು ಜೇಬಿಗೆ ತುರುಕಿದರು.

ಅಷ್ಟರಲ್ಲಿ ಫುಟ್‌ಬಾಲ್ ಕೋಚ್ ಹ್ಯಾನ್‌ರಾಟಿ ಹದ್ದಿನಂತೆ ಎರಗಿದ. ಇವತ್ತು ಆಕೆಯ ಬಳಿ ಯಾರೂ ಸುಳಿಯಕೂಡದೆಂದು ಓರಿನ್ ಎಲ್ಲರಿಗೂ ಮೂರು ಸಲ ಪತ್ರ ಬರೆದು ತಿಳಿಸಿದ್ದರು. ಆಕೆ ಬರುತ್ತಾರೆಂದು ಅವನಿಗೆ ಗೊತ್ತಾದದ್ದೇ ಆ ಪತ್ರಗಳಿಂದ.

"ನಮ್ಮ ಸ್ಕೋರ್‌ಬೋರ್ಡಲ್ಲಿ ಏಳರ ಅಂಕಿಯ ಮೇಲ್ಗೆರೆ ದೀಪ ಸುಟ್ಟೋಗಿದೆ ಮೇಡಂ. ನಾವು ಏಳು ಪಾಯಿಂಟ್ ಹೊಡೆದ್ರೂ ಜನಕ್ಕೆ ಒಂದು ಅಂತ ಕಾಣುತ್ತೆ!"

"ನೀವು ಏಳು ಹೊಡೆದಿದ್ದು ಯಾವಾಗ?" ಎಂದು ಓರಿನ್ ಹಲ್ಲು ಕಡಿದರು. ಮುದುಕಿ ಮಾತ್ರ ಬಾಯ್ತುಂಬ ನಕ್ಕರು. ಕೋಚ್ ಜೊತೆಯಲ್ಲೇ ಹೊರಟ.

ಸೋರುವುದನ್ನು ಕಣ್ಣಾರೆ ತೋರಿಸಲೆಂದು ಓರಿನ್ ಆಕೆಯನ್ನು ನರ್ಸಿಂಗ್ ಕಟ್ಟಡದ ಒಳಗೆ ಕರೆತಂದರು. ಹೊರಗೆ ಜಡಿಮಳೆ, ಒಳಗೆ ಒಂದೇ ಒಂದು ಹನಿಯಿಲ್ಲ! ನೆಲದ ಮೇಲೆ ಸಾಲಾಗಿರುತ್ತಿದ್ದ ಬಕೆಟ್ಟುಗಳೂ ಇಲ್ಲ. ದುರಸ್ತಿ ವಿಭಾಗದ ಮಾರ್ಲಿಸ್ ಗೋಟ್ಸ್ ಮದುವಣಗಿತ್ತಿಯ ಅಮ್ಮನಂತೆ ಬಾಗಿಲಲ್ಲಿ ಬೀಗುತ್ತ ನಿಂತಿದ್ದಳು.

"ದೊಡ್ಡೋರು ಬರ್ತಾರೆ ಅಂದ್ರಲ್ಲ ಸಾರ್, ನಿನ್ನೆ ಇಡೀ ದಿನ ಕೂತು ತೇಪೆ ಹಾಕಿಸ್ದೆ. ಬಣ್ಣಾನೂ ಹೊಡೆಸ್ದೆ!"

"ನಾಲ್ಕು ವರ್ಷದಿಂದ ಗೋಗರೆದೆನಲ್ಲ ಮಾರ್ಲಿಸ್," ಓರಿನ್ನರ ಪಿಸುಮಾತು ಅಳುವಿನಂತಿತ್ತು, "ನಿನ್ನೆನೇ ಆಗ್ಬೇಕಿತ್ತಾ?"

ಅಲ್ವೀನಾ ಗೋಡೆ ಸವರಿ ನೋಡಿದರು. "ಲಕ್ಷಣವಾಗಿದೆಯಲ್ಲೋ ಓರಿನ್! ಇದನ್ಯಾಕೆ ಕೆಡವ್ತೀಯ? ಕೋಚ್, ಆ ಏಳರ ವಿಷಯ ಏನಂದ್ರಿ?"

ಓರಿನ್ನರಿಗೆ ತಲೆ ಕೆಟ್ಟುಹೋಯಿತು. "ಇದೆಲ್ಲ ಬರೀ ಬಣ್ಣ ಮಿಸೆಸ್ ಕ್ರೂಗರ್, ನೋಡಿ ಬೇಕಾದ್ರೆ!" ಎನ್ನುತ್ತ ಮೂಲೆಯಲ್ಲಿದ್ದ ನೆಲ ಒರೆಸುವ ಕೋಲನ್ನೆತ್ತಿ ಚಾವಣಿಗೆ ತಿವಿದರು. ಚಾವಣಿ ಅವರ ಮಾತು ನಡೆಸಿಕೊಟ್ಟಿತು. ಮೇಲೆ ತುಂಬಿದ್ದ ನೀರು, ಗಾರೆ, ಹೊಸ ತೇಪೆ, ಎಲ್ಲ ಒಟ್ಟಿಗೆ ಅಧ್ಯಕ್ಷರ ನೆತ್ತಿಯ ಮೇಲೇ ಇಳಿದವು.

ಕಣ್ಣು ಬಿಟ್ಟಾಗ ಓರಿನ್ ಅಭ್ಯಾಸಕ್ಕಿಟ್ಟ ಮಂಚದ ಮೇಲಿದ್ದರು. ಸುತ್ತ ನಿಂತಿದ್ದ ಮೂವರು ನರ್ಸಿಂಗ್ ವಿದ್ಯಾರ್ಥಿನಿಯರಲ್ಲಿ ಒಬ್ಬಳು ನಾಡಿ ಹಿಡಿದಿದ್ದಳು, ಒಬ್ಬಳು ತಲೆಗೆ ಪಟ್ಟಿ ಸುತ್ತುತ್ತಿದ್ದಳು, ಮೂರನೆಯವಳು ಕೇಳಿದಳು: "ಇದು ಯಾವ ಇಸವಿ, ಹೇಳಿ ಸಾರ್?"

"ಹಣಕಾಸಿನ ವರ್ಷ ಹೇಳ್ಲಾ, ಮಾಮೂಲಿದು ಹೇಳ್ಲಾ?"

ಅಲ್ವೀನಾರ ಕಣ್ಣು ಒದ್ದೆಯಾಗಿತ್ತು. "ನಮ್ಮೆಜಮಾನ್ರ ಕೈ ಕೊಯ್ಲಿನ ಯಂತ್ರಕ್ಕೆ ಸಿಕ್ಕಾಗ ಇಂಥ ಒಬ್ಳು ಹುಡುಗೀನೇ ಉಳಿಸಿದ್ದು. ಕೊಡೋ ಪೆನ್ನು." ಇಪ್ಪತ್ತು ಲಕ್ಷ ಡಾಲರಿಗೆ ರುಜು ಬಿತ್ತು. ಕೋಚ್ ಸಪ್ಪೆ ಮೋರೆ ಹಾಕಿಕೊಂಡು ಜಾಗ ಖಾಲಿ ಮಾಡಿದ.

ಓರಿನ್ನರಿಗೆ ಹಿಗ್ಗು ತಡೆಯಲಾಗಲಿಲ್ಲ. ಕಟ್ಟಡದ ಇನ್ನರ್ಧ ಖರ್ಚಿನ ಇಪ್ಪತ್ತು ಲಕ್ಷವನ್ನು ರಾಜ್ಯ ಸರ್ಕಾರ ಕೊಡುವುದೆಂದು ಮಾತಾಗಿತ್ತು. ಬಜೆಟ್ ಸಮಿತಿಯ ಸೆನೆಟರ್ ಡಾಯ್ಲ್ ಪ್ರೂಯಿಟ್‌ರಿಗೆ ಮಲಗಿದಲ್ಲಿಂದಲೇ ಫೋನ್ ಹಚ್ಚಿ ಕೊಚ್ಚಿಕೊಂಡರು.

"ಭೇಷ್ ಟ್ವೇಟ್, ಭೇಷ್! ಒಳ್ಳೇ ಗಳಿಗೇಲಿ ಹೇಳಿದ್ರಿ. ಸಂಜೆಯೊಳಗೆ ಬಜೆಟ್ ಮುಗಿಸ್ಬೇಕು, ಸರಿಯಾಗಿ ಇಪ್ಪತ್ತು ಲಕ್ಷ ಕಮ್ಮಿ ಬಿದ್ದಿತ್ತು. ಯಾರ ಕತ್ತು ಕುಯ್ಯೋದು ಅಂತ ಬೆಳಗ್ಗೆಯಿಂದ ಕೂತಿದ್ವಿ. ನೀವು ನಿಮ್ಮ ಕಾಲ ಮೇಲೆ ನಿಂತ್ಬಿಟ್ರಲ್ಲ! ನಿಮಗೆ ಕೊಡ್ಬೇಕಿದ್ದ ಪಾಲನ್ನ ಹೊಡೆದುಹಾಕಿದೆ ನೋಡಿ, ಈಗ್ಲೇ."

"ಸೆನೆಟರ್! ಇದರಲ್ಲಿ ಆಗೋದು ಅರ್ಧ ಕಟ್ಟಡ!"

"ಅರ್ಧ ಆಗುತ್ತಲ್ಲ, ಮತ್ತೇನು? ಆ ಅಜ್ಜಿಗೆ ತಂಗಿ-ಗಿಂಗಿ ಯಾರಾದ್ರೂ ಇದ್ದಾರಾ ವಿಚಾರಿಸಿ." ಫೋನ್ ಕಟ್ಟಾಯಿತು.

ಪಟ್ಟಿ ಸುತ್ತಿ ಮುಗಿಸಿದ ಹುಡುಗಿ ಬಗ್ಗಿ ಕೇಳಿದಳು: "ತಲೆ ನೋಯ್ತಿದೆಯಾ ಸಾರ್?"

"ಇಷ್ಟು ಹೊತ್ತು ಇರಲಿಲ್ಲ ತಾಯಿ," ಎಂದರು ಓರಿನ್, "ಈಗ ಶುರುವಾಯ್ತು."