ಗಿರಿಜಕ್ಕನವರ ಕಥೆಯೂ ನಾನೂ

ಕಥೆಗಾರರನ್ನು ದೂರದಿಂದ ಓದಿ ಮೆಚ್ಚುವುದು ಸುಲಭ. ಅವರದೇ ಓಣಿಯಲ್ಲಿ ಮನೆ ಮಾಡಿಕೊಂಡು ಮೆಚ್ಚುವುದಕ್ಕೆ ಗುಂಡಿಗೆ ಗಟ್ಟಿ ಇರಬೇಕು. ಬೆಳಗಾವಿಯ ಮಹಾಂತೇಶ ನಗರದಲ್ಲಿ ನಮ್ಮ ಮನೆಯಿಂದ ಮೂರನೆಯದು ಗಿರಿಜಕ್ಕನವರ ಮನೆ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಕಥೆ ಬರೆಯುತ್ತಾರೆ. ಅವರ ಹೊಸ ಸಂಕಲನವನ್ನು ಓದಿ ನಾನು ಓಣಿಯಲ್ಲೆಲ್ಲ ಹೊಗಳಿದೆ. ಸಾಹಿತ್ಯದ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಮನೆ ಮನೆಗೆ ಹೋಗಿ ಹೇಳಬೇಕಾಗುತ್ತದೆ.

ಅದರ ಒಂದು ಕಥೆಯಲ್ಲಿ ರಾಚಪ್ಪ ಎಂಬುವನಿದ್ದಾನೆ. ಯಾರೇ ಹಾಸಿಗೆ ಹಿಡಿಯಲಿ, ಎಳನೀರು ಹಿಡಿದುಕೊಂಡು ಮೊದಲು ಹಾಜರಾಗುವವನು ಅವನೇ. ಕುರ್ಚಿ ಎಳೆದುಕೊಂಡು ಕೂತು, ಅದೇ ಕಾಯಿಲೆಯಿಂದ ಸತ್ತವರ ಸುದ್ದಿಯನ್ನು ವಿವರವಾಗಿ, ಬಹಳ ಪ್ರೀತಿಯಿಂದ ಹೇಳುತ್ತಾನೆ. ಗಿರಿಜಕ್ಕ ಅವನನ್ನು ಎಲ್ಲೂ ಬೈಯುವುದಿಲ್ಲ. ಅವನು ಎದ್ದು ಹೋದ ಮೇಲೆ ರೋಗಿ ಗೋಡೆಯ ಕಡೆ ಹೊರಳುತ್ತಾನೆ, ಅಷ್ಟೇ. ಆ ಸಾಲನ್ನು ಹೆಂಡತಿ ಶಕುಂತಲೆಗೆ ಓದಿ ತೋರಿಸಿ, "ಒಂದ ಸಾಲಿನ್ಯಾಗ ಮನಶ್ಯಾನ್ನ ನಿಂದರಿಸ್ಯಾರ ನೋಡು," ಎಂದೆ.

ಆಕೆ ಹಿಟ್ಟು ನಾದುತ್ತಲೇ, "ಇಂವ ನೀವ ಅಲ್ಲೇನ್ರಿ?" ಅಂದಳು.

"ನಾ ಯಾಕ ಆಗ್ಲಿ?"

"ಗಿರಿಜಕ್ಕಾರ ಯಜಮಾನ್ರಿಗೆ ಮೂತ್ರಪಿಂಡದಾಗ ಕಲ್ಲಾದಾಗ ದವಾಖಾನಿಗೆ ಹೋಗಿ, ಹಿಂಗ ಕಲ್ಲಾಗಿ ಸತ್ತ ನಿಮ್ಮ ಸೋದರಮಾವನ ಸುದ್ದಿ ತಗದ್ರಿ. ನಾ ಕಾಲು ತುಳದೆ, ಆದ್ರೂ ಬಿಡ್ಲಿಲ್ಲ."

ಅಲ್ಲಿಂದ ನನ್ನ ಸಾಹಿತ್ಯಾಭಿಮಾನ ಇಳಿಯತೊಡಗಿತು. ಮತ್ತೆ ಓದಿದಾಗ ಕಥೆ ತೀರಾ ಸಾಧಾರಣವಾಗಿ ಕಂಡಿತು. ಪಾತ್ರಪೋಷಣೆ ಸಾಲದು, ಭಾಷೆಯಲ್ಲಿ ಸಂಸ್ಕಾರವಿಲ್ಲ. ಖಾನಾಪುರದಲ್ಲಿ ಅವರ ಉಪನ್ಯಾಸವಿದೆ ಎಂದು ತಿಳಿದಾಗ, ತುಂಬಿದ ಸಭೆಯಲ್ಲೇ ಎದ್ದು ಕೇಳಿಬಿಡುವುದೆಂದು ಬಸ್ಸು ಹತ್ತಿದೆ. ಶಕುಂತಲೆಯೂ ಬಂದಳು, ನಾನು ಎದ್ದರೆ ಕೂರಿಸಲು.

ಸ್ವಾಗತ ಮಾಡುವವರು 'ಎರಡೇ ಮಾತು' ಎಂದು ಶುರು ಮಾಡಿ ತಮ್ಮ ಜೀವನಚರಿತ್ರೆಯನ್ನೇ ಮುಗಿಸಿ ಇಳಿದ ಮೇಲೆ ಗಿರಿಜಕ್ಕನ ಸರದಿ ಬಂತು. ಅವರು ಕಥೆ ಬರೆದಂತೆಯೇ ಮಾತಾಡಿದರು, ಸ್ವಲ್ಪವೇ. ಕೊನೆಗೆ ಮರಾಠಿ ಶಾಲೆಯ ಮಾಸ್ತರರೊಬ್ಬರು ಎದ್ದು, "ಬಾಯಾರ, ಆ ರಾಚಪ್ಪಗ ನೀವು ಒಂದ ಮಾತೂ ಬೈಲಿಲ್ಲಲ್ರಿ, ಯಾಕ?" ಎಂದು ಕೇಳಿದರು.

"ನಾ ಬೈದ್ರ, ಓದೋರು ನನ್ನ ಬಾಜು ನಿಂತು ತಾವೂ ಬೈತಾರ್ರಿ. ನಾ ಸುಮ್ಮನಿದ್ರ, ಇಂವ ನಾನ ಇರಬೇಕೇನು ಅಂತ ಅವ್ರಿಗೇ ಸಂಶೆ ಬರ್ತೈತಿ."

ಸಭೆ ನಕ್ಕಿತು. ಏಳಲು ಹೊರಟಿದ್ದ ನಾನು ಕೂತೇ ಇದ್ದೆ. ಸುತ್ತ ನೋಡಿದರೆ ನಗದೆ ಕೂತ ಗಂಡಸರು ಇನ್ನೂ ಕೆಲವರಿದ್ದರು.

ಚಹಾದ ಹೊತ್ತಿಗೆ ಅವರನ್ನು ಪಕ್ಕಕ್ಕೆ ಕರೆದು, "ಅಕ್ಕಾರ, ಖರೇ ಹೇಳ್ರಿ, ಆ ರಾಚಪ್ಪ ಅಂದ್ರ ನಾನ ಹೌದಲ್ರಿ?" ಎಂದೆ.

"ಅಯ್ಯ, ನೀವಲ್ರಿ. ಅಂವ ಅನಗೋಳದ ನಮ್ಮ ಮಾವ," ಎಂದರು ಗಿರಿಜಕ್ಕ. ನನಗೆ ಉಸಿರು ಬಂತು. ಅಷ್ಟಕ್ಕೇ ಅವರು ನಿಲ್ಲಿಸಬಹುದಿತ್ತು. "ನಿಮ್ಮ ಮ್ಯಾಲೂ ಒಂದು ಬರ್ಯಾಕ ನೋಡಿದೆ. ಎರಡು ಹಾಳಿ ಆದ ಮ್ಯಾಲ ಬಿಟ್ಟೆ. ಕಥಿ ಮುಂದಕ್ಕ ಹೋಗಲೇ ಇಲ್ರಿ. ನೀವು ಬರೇ ಮಾತಾಡ್ಕೋತ ಕುಂತಿದ್ರಿ."

ಬಸ್ಸಿನಲ್ಲಿ ಶಕುಂತಲೆ ಬೆಳಗಾವಿಯವರೆಗೂ ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದಳು. ಅವಳ ಭುಜ ಮಾತ್ರ ಅಲುಗುತ್ತಿತ್ತು.

ಈಗ ನಾನು ಆಗಾಗ ಗಿರಿಜಕ್ಕನವರ ಮನೆಗೆ ಹೋಗಿ ಏನಾದರೂ ಘಟನೆ ನಡೆಸಲು ನೋಡುತ್ತಿದ್ದೇನೆ. ಮೊನ್ನೆ ಅವರ ಯಜಮಾನರ ಜೊತೆ ಸಣ್ಣದೊಂದು ವಿಷಯಕ್ಕೆ ದೊಡ್ಡ ಜಗಳ ತೆಗೆದು, ಮೇಜು ಕುಟ್ಟಿದೆ. ಗಿರಿಜಕ್ಕ ನನ್ನನ್ನೇ ದಿಟ್ಟಿಸಿ ನೋಡಿ, ಗಡಬಡಿಸಿ ಒಳಗೆ ಹೋದರು. ಪೆನ್ನು ತರಲು ಹೋಗಿರಬೇಕೆಂದು ನಾನು ಇನ್ನಷ್ಟು ದನಿ ಏರಿಸಿದೆ.

ಅವರು ಅರಿವೆ ತಂದು, ಚೆಲ್ಲಿದ ಚಹಾ ಒರೆಸಿದರು.